ಮಿಸ್ತ್ರಿಯ ಕಿವಿ, ನನ್ನ ಕಾಮಿಡಿ

ನಾನು ಒಂದು ಸಿನಿಮಾಕ್ಕೆ ಸಂಭಾಷಣೆ ಬರೆದಿದ್ದೇನೆ. ಒಂದೇ ಒಂದು. ಅದರ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಹೇಳಿದರೆ ಹುಬ್ಬಳ್ಳಿಯ ಅರ್ಧ ಮಂದಿ "ಓಹೋ, ಅದು ನೀವೇನ್ರೀ? ಭಾಳ ನಗಸೀರಿ ಬಿಡ್ರಿ" ಎಂದು ಕೈ ಕುಲುಕಲು ಬರುತ್ತಾರೆ. ಹಾಗೆ ಯಾರಾದರೂ ಕೈ ಕುಲುಕಿದರೆ ಈಗ ನನಗೆ ಸಂಕಟವಾಗುತ್ತದೆ. ಇಬ್ಬರು ಗೆಳೆಯರು, ಒಂದು ಹಳೇ ಸ್ಕೂಟರು, ಎರಡು ತಾಸಿನ ಬೈಗುಳ, ಓಟ, ಬೀಳುವುದು, ಏಳುವುದು, ಮತ್ತೆ ಬೀಳುವುದು. ಕಥೆ ಎಂಬುದು ಹೆಸರಿಗೆ ಮಾತ್ರ. ಆದರೆ ಜನ ನಕ್ಕರು. ಹೊಟ್ಟೆ ಹಿಡಿದುಕೊಂಡು, ಕಣ್ಣೀರು ಒರೆಸಿಕೊಂಡು, ಮುಂದಿನ ಸೀಟನ್ನು ಗುದ್ದಿ ನಕ್ಕರು. ಅವರನ್ನು ಹಾಗೆ ನಗಿಸಲು ನಾನು ಏನು ಮಾಡಿದೆ ಎಂಬುದನ್ನು ಒಂದು ಸಲ ನೆಟ್ಟಗೆ ಬರೆದುಬಿಡಬೇಕು ಅನ್ನಿಸಿದೆ.

ನಮ್ಮದು ಸಾಲಿ ಮಾಸ್ತರರ ಮನೆತನ. ಅಜ್ಜ, ಅಪ್ಪ ಇಬ್ಬರೂ ಧಾರವಾಡದಲ್ಲಿ ಕಲಿಸಿದವರು. ನಾನೂ ಅಲ್ಲಿಯೇ ಒಂದು ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ, ಹುಬ್ಬಳ್ಳಿಯಿಂದ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಸಿನಿಮಾ ಮಾಡಿದವನು ನನ್ನ ಹಳೆಯ ವಿದ್ಯಾರ್ಥಿ. ಮೊಬೈಲಿನಲ್ಲಿ ಸಣ್ಣ ಸಣ್ಣ ಕಾಮಿಡಿ ಮಾಡಿ ಹೆಸರು ಗಳಿಸಿದ್ದ. ಒಂದು ಮುಂಜಾನೆ ಮನೆಗೆ ಬಂದು, "ಸರ್, ನಮ್ಮ ಭಾಷಾದಾಗ ಒಂದು ದೊಡ್ಡ ಪಿಚ್ಚರ್ ಮಾಡಾಕತ್ತೇನ್ರಿ. ಡೈಲಾಗ್ ನೀವ ಬರೀಬೇಕ್ರಿ" ಎಂದ. ನಾನು ಉಬ್ಬಿಹೋದೆ. ಇಪ್ಪತ್ತೆರಡು ವರ್ಷ ಸಂಧಿ ಸಮಾಸ ಕಲಿಸಿದವನಿಗೆ ಯಾರೂ ಅಂಥ ಮಾತು ಹೇಳಿರಲಿಲ್ಲ.

ಬರೆದೆ. ನಲವತ್ತು ಪುಟ. ಧಾರವಾಡದ ಜಗುಲಿಯ ಮೇಲೆ ಹಿರಿಯರು ಎಲೆಯಡಿಕೆ ಹಾಕಿಕೊಂಡು ಆಡುವಂಥ ನಯವಾದ ವಿನೋದ. ದೇಶಪಾಂಡೆ ನಗರದ ಒಂದು ಬಾಡಿಗೆ ಕೋಣೆಯಲ್ಲಿ ಅವರ ತಂಡದ ಆರು ಜನರ ಮುಂದೆ ಅದನ್ನು ಓದಿದೆ. ಸಂತಾಪ ಸಭೆಗೆ ಬಂದವರಂತೆ ಕೂತು ಕೇಳಿದರು. ಕೊನೆಗೆ ನನ್ನ ವಿದ್ಯಾರ್ಥಿಯೇ ಕತ್ತು ತುರಿಸಿಕೊಳ್ಳುತ್ತ, "ಛಲೋ ಅದಾವ್ರಿ ಸರ್. ಆದ್ರ... ನಗಿ ಬರವಲ್ದ್ರಿ" ಎಂದ.

ನನಗೆ ಮೈಯೆಲ್ಲ ಉರಿದುಹೋಯಿತು. ನಗೆ ಬರುವುದಿಲ್ಲವಂತೆ! ಇವನಿಗೆ ಹತ್ತನೇ ಇಯತ್ತೆಯಲ್ಲಿ ನಾನೇ ಕೈ ಹಿಡಿದು ನಿಬಂಧ ಬರೆಯಿಸಿದ್ದೆ. ಆದರೂ ಅವನು ಹೇಳಿದ್ದು ಖರೆ ಎಂದು ನನಗೂ ಗೊತ್ತಿತ್ತು. ಆ ಅವಮಾನಕ್ಕೆ ಅಲ್ಲಿಯೇ ಉತ್ತರ ಕೊಡಬೇಕು, ಈ ಆರು ಜನರನ್ನು ಈಗಲೇ ನಗಿಸಿ ಕೆಡವಬೇಕು ಎಂಬ ಹಟ ಬಂತು. ಜೇಬಿನ ಪೆನ್ನು ತೆಗೆದೆ. "ನನ್ನ ದೋಸ್ತ ಒಬ್ಬ ಅದಾನ, ಮಿಸ್ತ್ರಿ. ಅಂವ ಗಾಡಿ ಹೆಂಗ ನೋಡ್ತಾನ ಗೊತ್ತದ ಏನು?" ಎಂದು ಶುರು ಮಾಡಿದೆ.

ಮಿಸ್ತ್ರಿ ಅಂದರೆ ನನ್ನ ಬಾಲ್ಯದ ಗೆಳೆಯ. ಒಂದನೇ ಇಯತ್ತೆಯಿಂದ ಏಳನೆಯವರೆಗೆ ಒಂದೇ ಬೆಂಚು. ಅವನ ಅಪ್ಪನೂ ಮಿಸ್ತ್ರಿ, ಅಜ್ಜನೂ ಮಿಸ್ತ್ರಿ. ದುರ್ಗದಬೈಲಿನ ಹಿಂದಿನ ಓಣಿಯಲ್ಲಿ ಅವರದೊಂದು ಗ್ಯಾರೇಜು. ಎರಡು ಗಾಡಿ ನಿಲ್ಲುವಷ್ಟು ಜಾಗ, ಉಳಿದವು ರಸ್ತೆಯ ಮೇಲೆ. ಗಾಡಿ ಬಂದರೆ ಅವನು ಗಿರಾಕಿಯನ್ನು ಏನೂ ಕೇಳುವುದಿಲ್ಲ. ಎಂಜಿನ್ ಶುರು ಮಾಡಿಸಿ, ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಒತ್ತಿ, ಹಿಡಿಕೆಯನ್ನು ತನ್ನ ಕಿವಿಯ ಹಿಂದಿನ ಎಲುಬಿಗೆ ಆನಿಸಿ, ಕಣ್ಣು ಮುಚ್ಚಿ ಕೂರುತ್ತಾನೆ. ಆಮೇಲೆ ಎಂಜಿನ್ನಿಗೆ ಮೆಲ್ಲಗೆ ಹೇಳುತ್ತಾನೆ: "ಹೇಳಪಾ, ಹೇಳು. ನಾ ಯಾರ ಮುಂದೂ ಹೇಳಂಗಿಲ್ಲ." ಒಂದು ನಿಮಿಷದಲ್ಲಿ ಎದ್ದು, "ಟ್ಯಾಪೆಟ್ ಸಡಲ ಆಗೇದ" ಅಥವಾ "ಬೇರಿಂಗ್ ಹೋಗೇದ" ಎನ್ನುತ್ತಾನೆ. ಬಿಚ್ಚಿದರೆ ಅದೇ ಇರುತ್ತದೆ. ಬೇರೆ ಮಿಸ್ತ್ರಿಗಳೂ ಸ್ಕ್ರೂಡ್ರೈವರ್ ಹಚ್ಚುತ್ತಾರೆ. ಆದರೆ ಇವನಂತೆ ಕೇಳುವವರಿಲ್ಲ ಎಂದು ಶಿರಗುಪ್ಪಿಯಂಥ ಹಳ್ಳಿಗಳಿಂದ ಮಂದಿ ಗಾಡಿಯನ್ನು ಟೆಂಪೋದಲ್ಲಿ ಹೇರಿಕೊಂಡು ಇವನ ಹತ್ತಿರವೇ ಬರುತ್ತಿದ್ದರು.

ಪೆನ್ನನ್ನು ಸ್ಕ್ರೂಡ್ರೈವರ್ ಮಾಡಿಕೊಂಡು ನಾನು ಅದನ್ನು ಮಾಡಿ ತೋರಿಸಿದೆ. ಮೇಜಿಗೆ ಹಚ್ಚಿದೆ, ಫ್ಯಾನಿನ ಸ್ವಿಚ್ಚಿಗೆ ಹಚ್ಚಿದೆ, ಒಬ್ಬ ದಪ್ಪನೆಯ ಹುಡುಗನ ಹೊಟ್ಟೆಗೆ ಹಚ್ಚಿ "ಹೇಳಪಾ, ಯಾರ ಮುಂದೂ ಹೇಳಂಗಿಲ್ಲ" ಎಂದೆ. ನಗತೊಡಗಿದರು. ಆಗ ನನ್ನ ವಿದ್ಯಾರ್ಥಿ ನಗುತ್ತಲೇ ಕೇಳಿದ: "ಅಂವ ಯಾಕ ಹಂಗ ಮಾಡ್ತಾನ್ರಿ ಸರ್?"

ಇಲ್ಲಿ ನಾನು ಬಾಯಿ ಮುಚ್ಚಬೇಕಿತ್ತು. ಯಾಕೆಂದರೆ ಉತ್ತರ ಗೊತ್ತಿದ್ದವನು ಪ್ರಪಂಚದಲ್ಲಿ ನಾನೊಬ್ಬನೇ.

ಅದಕ್ಕಿಂತ ಎರಡು ವರ್ಷ ಹಿಂದಿನ ಮಾತು. ಶಿರಗುಪ್ಪಿಯಲ್ಲಿ ಒಬ್ಬ ರೈತನ ಬೈಕು ಹೊಲದಲ್ಲೇ ಕೈಕೊಟ್ಟಿತ್ತು. ರವಿವಾರ, ನನಗೂ ಸಾಲಿ ಇರಲಿಲ್ಲ; ಮಿಸ್ತ್ರಿಯನ್ನು ನನ್ನ ಗಾಡಿಯ ಹಿಂದೆ ಕೂರಿಸಿಕೊಂಡು ಹೋಗಿದ್ದೆ. ಬರುವಾಗ ದಾರಿಯುದ್ದಕ್ಕೂ ನನ್ನ ಮನೆಯ ಒಂದು ಜಗಳದ ಬಗ್ಗೆ ಹೇಳಿಕೊಂಡೆ. ಬಹಳ ದಿನದಿಂದ ಎದೆಯಲ್ಲಿಟ್ಟುಕೊಂಡಿದ್ದು. ಊರ ಹೊರಗೆ ಚಹಾಕ್ಕೆ ನಿಲ್ಲಿಸಿ, "ಏನಂತಿಯಲೇ?" ಎಂದು ಕೇಳಿದರೆ ಅವನು ನೆಲ ನೋಡುತ್ತ ನಿಂತ. "ನೀ ಹೇಳಿದ್ದು ಒಂದೂ ಕೇಳಿಲ್ಲಲೇ ನನಗ" ಎಂದ. ಎಡಗಿವಿ ಪೂರ್ತಿ ಹೋಗಿತ್ತು. ಸಣ್ಣವನಿದ್ದಾಗ ಸೋರುತ್ತಿದ್ದ ಕಿವಿ ಅದು. ಬಲಗಿವಿಯೂ ಮಂದವಾಗುತ್ತ ಬಂದಿತ್ತು. "ಸ್ಕ್ರೂಡ್ರೈವರ್ ಎಲುಬಿಗೆ ಹಚ್ಚಿದ್ರ ಮಾತ್ರ ಎಲ್ಲಾ ಸ್ವಚ್ಛ ಕೇಳತದ. ಗಾಳ್ಯಾಗಿಂದು ಏನೂ ಕೇಳಂಗಿಲ್ಲ. ಯಾರ ಮುಂದೂ ಹೇಳಬ್ಯಾಡ. ಮನ್ಯಾಗೂ ಹೇಳಿಲ್ಲ. ಮಿಸ್ತ್ರಿಗೆ ಕಿವಿ ಕೇಳಂಗಿಲ್ಲ ಅಂದ್ರ ಯಾವ ಮಗಾ ಗಾಡಿ ತರ್ತಾನ?" ನಮ್ಮವ್ವನ ಆಣೆ ಮಾಡಿ ಹೇಳಿದ್ದೆ, ಯಾರಿಗೂ ಹೇಳೋದಿಲ್ಲ ಅಂತ.

ಆ ಬಾಡಿಗೆ ಕೋಣೆಯಲ್ಲಿ ಆರು ಜನ ನನ್ನ ಮುಖ ನೋಡುತ್ತಿದ್ದರು. ಅರ್ಧ ನಗು ಮುಖದಲ್ಲಿ ನಿಂತಿತ್ತು. ಇನ್ನೊಂದು ತಳ್ಳು ತಳ್ಳಿದರೆ ಬಿದ್ದುಬಿಡುತ್ತಾರೆ ಎಂದು ಕಾಣುತ್ತಿತ್ತು. "ಯಾಕಂದ್ರ ಅಂವಗ ಕಿವೀನ ಕೇಳಂಗಿಲ್ಲ" ಎಂದೆ.

ಬಿದ್ದರು. ಒಬ್ಬ ಖರೇನೇ ಕುರ್ಚಿಯಿಂದ ಜಾರಿ ಬಿದ್ದ. ನನಗೆ ಆ ಕ್ಷಣ ಏನನ್ನಿಸಿತು ಎಂದು ಸುಳ್ಳು ಹೇಳಲಾರೆ. ಖುಷಿಯಾಯಿತು. ಬಸ್ಸಿನಲ್ಲಿ ಮನೆಗೆ ಹೋಗುವಾಗಲೂ ನನ್ನಷ್ಟಕ್ಕೆ ನಾನೇ ನಗುತ್ತಿದ್ದೆ.

ಸಿನಿಮಾದ ಇಬ್ಬರು ಗೆಳೆಯರಲ್ಲಿ ಒಬ್ಬನಾದ ಮಿಸ್ತ್ರಿ ಹುಟ್ಟಿದ್ದು ಹಾಗೆ. ಊರು ಬದಲಿಸಿದೆ, ಜಾತಿ ಬದಲಿಸಿದೆ, ಮೀಸೆ ಹಚ್ಚಿದೆ. ಇನ್ನು ಯಾರಿಗೆ ಗೊತ್ತಾಗುತ್ತದೆ ಎಂದುಕೊಂಡೆ. ಆ ಒಂದು ಮಾತನ್ನು ಮಾತ್ರ ಬಿಡಲು ಮನಸ್ಸಾಗಲಿಲ್ಲ: "ಹೇಳಪಾ, ಯಾರ ಮುಂದೂ ಹೇಳಂಗಿಲ್ಲ." ಇಡೀ ಹುಬ್ಬಳ್ಳಿಯಲ್ಲಿ ಎಂಜಿನ್ನಿಗೆ ಆ ಮಾತು ಹೇಳುವವನು ಒಬ್ಬನೇ, ಅವನನ್ನು ಎರಡು ತಾಲೂಕಿನ ಗಾಡಿಯವರು ಬಲ್ಲರು ಎಂಬುದು ಈ ಜಾಣ ಮಾಸ್ತರನಿಗೆ ಹೊಳೆಯಲಿಲ್ಲ. ಹೊಳೆದಿತ್ತೇನೋ, ನನಗೇ ಬೇಡವಾಗಿತ್ತು.

ಸಿನಿಮಾ ಬಂದ ಮೊದಲ ವಾರ ಮಿಸ್ತ್ರಿಯನ್ನೂ ಅವನ ಹೆಂಡತಿಯನ್ನೂ ನಾನೇ ಮ್ಯಾಟಿನಿಗೆ ಕರೆದುಕೊಂಡು ಹೋದೆ. ಇದು ಧೈರ್ಯವಲ್ಲ, ಭಂಡತನ. ಥೇಟರು ನಗುವುದನ್ನು ನನ್ನ ಗೆಳೆಯ ನೋಡಬೇಕಿತ್ತು. ಅವನು ನಡುವೆ, ಬಲಕ್ಕೆ ನಾನು, ಎಡಕ್ಕೆ ಭಾಭಿ. ಸ್ಕ್ರೂಡ್ರೈವರ್ ತೆರೆಯ ಮೇಲೆ ಬಂದದ್ದೇ ತಡ, ಅವನು ನನ್ನ ತೊಡೆಗೆ ಛಟೀರ್ ಎಂದು ಹೊಡೆದ. "ಮಂಗ್ಯಾ, ಖೋಡಿ, ನನ್ನ ಹಾಕೀಯಲ್ಲೋ ಇದರಾಗ!" ಮುಖ ಅರಳಿತ್ತು. ಹಿಂದಿನಿಂದ ಯಾರೋ "ಮಿಸ್ತ್ರಿ, ನಿಮ್ಮ ಪಿಚ್ಚರ್ರಿ!" ಎಂದು ಸೀಟಿ ಹೊಡೆದರು. ನನಗೆ ಹಗುರಾಯಿತು. ಅವನು ಎಲ್ಲರೊಡನೆ ನಗುತ್ತಿದ್ದ. ಎಲ್ಲರಿಗಿಂತ ತುಸು ತಡವಾಗಿ, ಆಚೆ ಈಚೆ ನೋಡಿಕೊಂಡು ನಗುತ್ತಿದ್ದ. ಅವನಿಗೆ ಕಾಣುತ್ತಿದ್ದದ್ದು ಸ್ಕ್ರೂಡ್ರೈವರ್ ಮಾತ್ರ. ಮಾತು ಒಂದೂ ಮುಟ್ಟುತ್ತಿರಲಿಲ್ಲ.

ಮಧ್ಯಂತರಕ್ಕೆ ಮುಂಚೆ ಹೆಣ್ಣು ನೋಡುವ ದೃಶ್ಯ. ಗೆಳೆಯನಿಗೆ ಹೆಣ್ಣು ನೋಡಲು ಮಿಸ್ತ್ರಿಯೂ ಹೋಗಿದ್ದಾನೆ. ಯಾರು ಏನೆಂದರೂ "ಹೌದ್ರಿ ಹೌದ್ರಿ" ಎಂದು ತಲೆಯಾಡಿಸುತ್ತಾನೆ. ಕೊನೆಗೆ ತಡೆಯಲಾರದೆ ಗೆಳೆಯ ಎದ್ದು, "ಇಂವಗ ಎಡಗಿವಿ ಪೂರಾ ಕೇಳಂಗಿಲ್ರಿ! ಹೆಂಡ್ತಿ ಕರದ್ರೂ ಗೊತ್ತಾಗಂಗಿಲ್ಲ!" ಎಂದು ಒದರುತ್ತಾನೆ. ಮಿಸ್ತ್ರಿ ಆಗ ಶಾಂತವಾಗಿ ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದು ಹೆಣ್ಣಿನ ಅಪ್ಪನ ಎದೆಗೆ ಹಚ್ಚಿ ಕೇಳುತ್ತಾನೆ. ಥೇಟರಿನ ಮಾಳಿಗೆ ಹಾರಿಹೋಗುವಷ್ಟು ನಗೆ. ನಾನು ಹೆಮ್ಮೆಯಿಂದ ಪಕ್ಕಕ್ಕೆ ತಿರುಗಿದೆ. ಮಿಸ್ತ್ರಿ ನಗುತ್ತಿದ್ದ. ಅವನಾಚೆ ಭಾಭಿ ನಗುತ್ತಿರಲಿಲ್ಲ. ತೆರೆಯನ್ನು ಬಿಟ್ಟು ಗಂಡನ ಎಡಗಿವಿಯನ್ನೇ ನೋಡುತ್ತಿದ್ದಳು. ತುಟಿ ಅಲುಗಿತು, ಏನೋ ಅಂದಳು. ಅವನು ತಿರುಗಲಿಲ್ಲ. ಮತ್ತೊಮ್ಮೆ ಅಂದಳು. ಅವನು ತೆರೆ ನೋಡಿ ನಗುತ್ತಲೇ ಇದ್ದ.

ಮಧ್ಯಂತರದಲ್ಲಿ ದೀಪ ಹತ್ತಿದಾಗ ಎದ್ದು ನನ್ನ ಹತ್ತಿರ ಬಂದಳು. "ಅಣ್ಣಾರ, ಒಂಚೂರು ಸರೀರಿ" ಎಂದಳು. ನಾನು ಎದ್ದು ನನ್ನ ಸೀಟು ಬಿಟ್ಟುಕೊಟ್ಟೆ. ಅವನ ಬಲಕ್ಕೆ ಕೂತಳು. ಸಿನಿಮಾ ಮತ್ತೆ ಶುರುವಾದಾಗ ಅವನ ಬಲಗಿವಿಗೆ ಬಾಯಿ ಹಚ್ಚಿ ತೆರೆಯ ಮೇಲಿನ ಮಾತನ್ನು ಒಂದೊಂದಾಗಿ ಹೇಳತೊಡಗಿದಳು. ಜನ ಯಾಕೆ ನಗುತ್ತಿದ್ದಾರೆಂದು ಆಗ ಅವನಿಗೆ ತಿಳಿಯಿತು. ಎರಡನೇ ಅರ್ಧದಲ್ಲಿ ಅವನು ಒಮ್ಮೆಯೂ ನಗಲಿಲ್ಲ. ನಾನು ಅವನ ಎಡಕ್ಕೆ ಕೂತಿದ್ದೆ.

ಹೊರಗೆ ಅವನು ಗಾಡಿ ತೆಗೆಯಲು ಹೋದಾಗ ಭಾಭಿ ಕೇಳಿದಳು: "ನಾಕ ವರ್ಷ ಆತ್ರಿ ಅಣ್ಣಾರ, ನಾ ಕರದ್ರ ಹೊಳ್ಳಿ ನೋಡಂಗಿಲ್ಲ ಅಂತ ದಿನಾ ಜಗಳಾ ತಗದೇನಿ. ಸೊಕ್ಕು ಬಂದದ ಅಂತ ತಿಳಕೊಂಡಿದ್ದೆ. ಮಕ್ಕಳ ಮುಂದ ಏನೇನೋ ಅಂದೇನಿ. ನಿಮಗ ಮೊದಲ ಗೊತ್ತಿತ್ತೇನ್ರಿ?"

"ಹೂಂ" ಎಂದೆ.

ಆಮೇಲೆ ನಾನು ಒಬ್ಬನೇ ಮೂರು ಸಲ ಆ ಸಿನಿಮಾಕ್ಕೆ ಹೋದೆ. ತೆರೆ ನೋಡಲಿಕ್ಕಲ್ಲ, ಜನರನ್ನು ನೋಡಲಿಕ್ಕೆ. ಇವರು ಕೆಟ್ಟವರೆಂದು ಸಾಬೀತಾದರೆ ನನ್ನ ತಪ್ಪು ಹಂಚಿಹೋಗುತ್ತದೆ ಎಂಬ ಆಸೆ ಇತ್ತು. ಆದರೆ ಅವರು ಕೆಟ್ಟವರಲ್ಲ. ತೊಡೆಯ ಮೇಲೆ ಮೊಮ್ಮಗನನ್ನು ಕೂರಿಸಿಕೊಂಡ ಅಜ್ಜ ನಗುತ್ತಿದ್ದ, ಮಾರ್ಕೆಟ್ಟಿನಿಂದ ಚೀಲ ಸಮೇತ ಬಂದ ಹೆಂಗಸರು ನಗುತ್ತಿದ್ದರು. ಸಿನಿಮಾದ ಆ ಇಬ್ಬರು ಗೆಳೆಯರು ಒಬ್ಬರನ್ನೊಬ್ಬರು ಎಷ್ಟು ಹಾಳು ಮಾಡಿದರೂ ಮುಂದಿನ ದೃಶ್ಯದಲ್ಲಿ ಅದೇ ಸ್ಕೂಟರಿನ ಮೇಲೆ ಕೂತು ಹೊರಡುತ್ತಾರೆ ಎಂದು ಅವರಿಗೆ ಭರವಸೆ. ನಮ್ಮ ಕಡೆ ದೋಸ್ತಿಯ ಅಳತೆಯೇ ಬೈಗುಳ. ಎಷ್ಟು ಕೊಳಕಾಗಿ ಬೈದರೆ ಅಷ್ಟು ಹತ್ತಿರದವನು. ಯಾರಿಗೂ ನೋವಾಗಿಲ್ಲ ಎಂಬ ನಂಬಿಕೆಯ ಮೇಲೆ ನಗುತ್ತಿದ್ದರು ಪಾಪ. ಅದು ಸುಳ್ಳು ಎಂದು ಆ ಇಡೀ ಥೇಟರಿನಲ್ಲಿ ಗೊತ್ತಿದ್ದವನು ಮತ್ತೆ ನಾನೊಬ್ಬನೇ.

ತಿಂಗಳೊಳಗೆ ಅದು ಆಟವಾಯಿತು. ಕಾಲೇಜು ಹುಡುಗರು ಗ್ಯಾರೇಜಿನ ಮುಂದೆ ಗಾಡಿ ನಿಲ್ಲಿಸಿ ಮಿಸ್ತ್ರಿಯ ಹಿಂದೆ ನಿಂತು ಕರೆಯುವರು. ತಿರುಗುತ್ತಾನೋ ಇಲ್ಲವೋ ಎಂದು ನೋಡುವರು. ಒಂದು ಶನಿವಾರ ಸಾಲಿ ಬಿಟ್ಟ ಮೇಲೆ ನಾನು ಅಲ್ಲಿಗೆ ಹೋದಾಗ ಮೂವರು ನಿಂತಿದ್ದರು. ಒಬ್ಬ ಮೊಬೈಲು ಹಿಡಿದಿದ್ದ. ಇನ್ನೊಬ್ಬ ಮಿಸ್ತ್ರಿಯ ಬೆನ್ನ ಹಿಂದೆ ಬಗ್ಗಿ, ಕೈಮುಗಿದು, ನನ್ನದೇ ಸಂಭಾಷಣೆಯನ್ನು ರಾಗವಾಗಿ ಹೇಳಿದ: "ಮಿಸ್ತ್ರಿ ಸಾಹೇಬ್ರ, ಎಂಜಿನ್ ಏನ್ ಅಂತೈತ್ರಿ? ಯಾರ ಮುಂದೂ ಹೇಳಂಗಿಲ್ರಿ!" ಮಿಸ್ತ್ರಿ ಚೈನು ಬಿಗಿಯುತ್ತಲೇ ಇದ್ದ. ಹುಡುಗರು ಕಿಸಕ್ಕನೆ ನಕ್ಕರು. ಮತ್ತು, ಇದನ್ನು ಬರೆಯಲು ನನಗೆ ಮೂರು ದಿನ ಬೇಕಾಯಿತು, ನಾನೂ ನಕ್ಕೆ. ಆ ಹುಡುಗ ಅಷ್ಟು ಚಂದ ಹೇಳಿದ್ದ. ನಾಚಿಕೆ ಬರುವುದರೊಳಗೆ ನಗು ಬಂದುಬಿಟ್ಟಿತ್ತು.

ಅಷ್ಟರಲ್ಲಿ ಮಿಸ್ತ್ರಿ ನಟ್ಟು ತಿರುಗಿಸುವ ಪಾನಾ ತೆಗೆದುಕೊಳ್ಳಲು ತಿರುಗಿದ. ನಾಲ್ಕು ಮುಖ, ನಾಲ್ಕರದ್ದೂ ಹಲ್ಲು ಹೊರಗೆ. ಅವನು ಹುಡುಗರನ್ನು ನೋಡಲಿಲ್ಲ. ನನ್ನನ್ನು ನೋಡಿ, ಪಾನಾ ತೆಗೆದುಕೊಂಡು, ಮತ್ತೆ ಕೆಲಸಕ್ಕೆ ತಿರುಗಿದ.

ಅಂದಿನಿಂದ ಅವನು ಮಂದಿಯ ಮುಂದೆ ಸ್ಕ್ರೂಡ್ರೈವರ್ ಕಿವಿಗೆ ಹಚ್ಚುವುದನ್ನು ಬಿಟ್ಟ. ಹಚ್ಚಿದರೆ ನಗುತ್ತಾರೆ, ಹಚ್ಚದಿದ್ದರೆ ಕೇಳುವುದಿಲ್ಲ. ಅಂದಾಜಿನ ಮೇಲೆ ಬಿಚ್ಚತೊಡಗಿದ. ಒಂದು ಸಲ ಚೆನ್ನಾಗಿದ್ದ ಎಂಜಿನ್ ಇಡಿಯಾಗಿ ಬಿಚ್ಚಿ ಕೂಡಿಸಿದ, ಶಬ್ದ ಹಾಗೆಯೇ ಉಳಿಯಿತು. ಗಾಡಿಗಳು ಕಡಿಮೆಯಾದವು. ಶಿರಗುಪ್ಪಿಯ ಆ ರೈತ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಾಗ, "ಏನ ಮಾಡೋದ್ರಿ ಮಾಸ್ತರ, ಅಂವಗ ಕಿವಿ ಕೇಳಂಗಿಲ್ಲಂತ. ಕಿವಿ ಇಲ್ಲದವ ಎಂಜಿನ್ ಏನ ಕೇಳ್ತಾನ್ರಿ? ನಾ ಬ್ಯಾರೆ ಕಡೆ ಹೊಂಟೇನಿ" ಎಂದ. ನನಗೆ ಅವನ ಮೇಲೆ ಕೆಟ್ಟ ಸಿಟ್ಟು ಬಂತು. ಇಪ್ಪತ್ತು ವರ್ಷ ಅದೇ ಕಿವಿಯಿಂದ ನಿನ್ನ ಗಾಡಿ ಓಡಿದೆಯಲ್ಲೋ ಎಂದು ಬೈಯಬೇಕೆನ್ನಿಸಿತು. ಬೈಯಲು ನನಗೆ ಯಾವ ಮುಖ?

ಒಂದು ಶುಕ್ರವಾರ, ಮಧ್ಯಾಹ್ನದ ನಮಾಜು ಮುಗಿಸಿ ಅವನು ಗ್ಯಾರೇಜಿಗೆ ಬರುವ ಹೊತ್ತಿಗೆ, ಸಾಲಿಗೆ ರಜಾ ಹಾಕಿ ಹೋದೆ. ಗಿರಾಕಿ ಯಾರೂ ಇರಲಿಲ್ಲ. ಅವನು ಕುಕ್ಕರಗಾಲಲ್ಲಿ ಕೂತು ಒಂದು ಗಾಡಿಯ ಗಾಲಿ ಕಳಚುತ್ತಿದ್ದ. ನಾನು ಬೈಗುಳಕ್ಕೆ ತಯಾರಾಗಿ ಹೋಗಿದ್ದೆ. ಖರೆ ಹೇಳಬೇಕೆಂದರೆ ಬೈಗುಳಕ್ಕೆ ಹಸಿದು ಹೋಗಿದ್ದೆ. ಖೋಡಿ ಅನ್ನಲಿ, ಅವ್ವ ಅಪ್ಪನನ್ನು ಎಳೆದು ತರಲಿ, ಪಾನಾ ಎತ್ತಿ ಒಗೆಯಲಿ. ಆಮೇಲೆ ಚಹಾ ಕುಡಿದು ಎಲ್ಲ ಮೊದಲಿನಂತಾಗುತ್ತದೆ ಎಂದು ನಂಬಿದ್ದೆ. ನನ್ನ ಸಿನಿಮಾದಲ್ಲಿ ಹಾಗೇ ಆಗುತ್ತದೆ.

ಹೋಗಿ ಅವನ ಪಕ್ಕ ಕೂತೆ. ಎಡಕ್ಕೆ. ಬೇಕೆಂದೇ ಎಡಕ್ಕೆ ಕೂತೆ. "ತಪ್ಪಾತಲೇ ದೋಸ್ತ" ಎಂದೆ, ಸಣ್ಣ ದನಿಯಲ್ಲಿ. ಹೇಳಿದ ಹಾಗೂ ಆಗಬೇಕು, ಕೇಳಿಸಲೂಬಾರದು. ಅಂಥ ಹೇಡಿ ನಾನು.

ಅವನು ನಟ್ಟಿನಿಂದ ಕಣ್ಣೆತ್ತಲಿಲ್ಲ. "ಈ ಕಡೆ ಬಂದು ಹೇಳು" ಎಂದ.

ಎದ್ದು ಗಾಡಿಯನ್ನು ಸುತ್ತು ಹಾಕಿ ಬಲಕ್ಕೆ ಬಂದೆ. ಆ ನಾಲ್ಕು ಹೆಜ್ಜೆ ಎಷ್ಟು ದೂರವಿತ್ತು ಎಂದು ನನಗೇ ಗೊತ್ತು. ಕೂತು, ಅವನ ಕಿವಿಯ ಹತ್ತಿರ ಬಾಯಿ ಒಯ್ದು, ಜೋರಾಗಿ ಹೇಳಿದೆ: "ತಪ್ಪಾತು. ನಿನ್ನ ಕಿವಿ ಮಾತು ನಾನ ಹೇಳಿದೆ. ಆರು ಮಂದಿ ನಗಲಿ ಅಂತ ಹೇಳಿದೆ."

ಅವನು ನಟ್ಟು ಬಿಚ್ಚಿ, ಒರೆಸಿ, ತಟ್ಟೆಯಲ್ಲಿಟ್ಟ. "ಆತು ಬಿಡು" ಎಂದ. ಆಮೇಲೆ ಕೇಳಿದ: "ಎರಡನೇ ಭಾಗ ಮಾಡ್ತಾರಂತ? ನೀನ ಬರೀತಿ?"

"ಕೇಳ್ಯಾರ. ನಾ ಇನ್ನೂ ಏನೂ ಹೇಳಿಲ್ಲ."

"ಬರಿ. ಛಲೋ ಬರೀತಿ ನೀ. ಮಂದಿ ಭಾಳ ನಗ್ತಾರ." ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟನ್ನೇ ಹುಡುಕುತ್ತ ಅವನ ಮುಖ ನೋಡಿದೆ, ಇರಲಿಲ್ಲ. "ಆದ್ರ ನಾ ಇನ್ನ ನಿನ್ನ ಮುಂದ ಏನೂ ಹೇಳಂಗಿಲ್ಲ" ಎಂದ. ಚಹಾ ತರಿಸಿದ. ಕುಡಿದೆವು.

ಅವನು ಮಾತಿಗೆ ತಪ್ಪುವವನಲ್ಲ. ಈಗಲೂ ವಾರಕ್ಕೊಮ್ಮೆ ಹೋಗುತ್ತೇನೆ. ಕುರ್ಚಿ ಒರೆಸಿ ಕೊಡುತ್ತಾನೆ. ಬಿಸಿಲಿನ ಮಾತು, ಉಳ್ಳಾಗಡ್ಡಿ ರೇಟಿನ ಮಾತು, ಕ್ರಿಕೆಟ್ಟಿನ ಮಾತು. ಎರಡನೇ ಭಾಗವನ್ನು ನಾನು ಬರೆಯಲಿಲ್ಲ, ಅವನಿಗೆ ಅದನ್ನು ಹೇಳಿದಾಗ "ಹಂಗೇನು?" ಎಂದನಷ್ಟೆ. ಮನೆಯ ಮಾತಿಲ್ಲ, ಮೈಯ ಮಾತಿಲ್ಲ. ಒಂದು ಬೈಗುಳವಿಲ್ಲ. ಹೋದ ವಾರ ಅವನ ಬಲಗಿವಿಯೂ ಪೂರ್ತಿ ಹೋಯಿತಂತೆ, ಡಾಕ್ಟರರು ಮಷೀನು ಹಾಕಿಸಲು ಹೇಳಿದ್ದಾರಂತೆ. ನನಗೆ ಅದನ್ನು ಹೇಳಿದವನು ಮೂಲೆಯ ಚಹಾದಂಗಡಿಯವನು.